ಓದಿನ ನಡುವೆ ದೊಡ್ಡ ವಿಶ್ವವಿದ್ಯಾಲಯಕ್ಕೆ ವರ್ಗಾವಣೆ: ಪೋಷಕರೂ ದಾನಿಗಳೂ ತಿಳಿದಿರಬೇಕಾದ ಸಂಗತಿಗಳು





ಪ್ರತಿ ವರ್ಷದ ವರದಿಯಲ್ಲಿ ಲೆಕ್ಕಪತ್ರದ ಜೊತೆಗೆ ಕುಟುಂಬಗಳಿಗೆ ಉಪಯೋಗವಾಗುವ ಒಂದು ವಿಷಯವನ್ನು ವಿವರವಾಗಿ ಬರೆಯುವುದು ನಮ್ಮ ಟ್ರಸ್ಟ್‌ನ ವಾಡಿಕೆ. ಈ ಬಾರಿ ವರ್ಗಾವಣೆಯ ವಿಷಯವನ್ನು ಆರಿಸಿಕೊಳ್ಳಲು ಕಾರಣವಿದೆ. ಕಳೆದ ವರ್ಷ ಜನವರಿಯಲ್ಲಿ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ನಮ್ಮ ಕಚೇರಿಗೆ ಬಂದಿದ್ದರು. ಮಗಳು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಳು. ನಮ್ಮ ವಿದ್ಯಾರ್ಥಿವೇತನ ಪಡೆಯುತ್ತಿದ್ದವಳು, ತರಗತಿಗೆ ಮೊದಲಿಗಳು. ಒಬ್ಬ ಏಜೆಂಟ್ ಅವರ ಮನೆಗೇ ಬಂದು, “ಇಲ್ಲಿ ಎರಡು ವರ್ಷ ಓದಿದ್ದು ವ್ಯರ್ಥವಾಗುವುದಿಲ್ಲ, ಅಮೆರಿಕದ ದೊಡ್ಡ ವಿಶ್ವವಿದ್ಯಾಲಯದಲ್ಲಿ ನೇರವಾಗಿ ಮೂರನೇ ವರ್ಷಕ್ಕೆ ಸೇರಿಸಿಕೊಡುತ್ತೇನೆ, ಅಲ್ಲಿ ಎಲ್ಲವೂ ಉಚಿತ” ಎಂದು ಹೇಳಿ ಒಂದೂವರೆ ಲಕ್ಷ ರೂಪಾಯಿ ಕೇಳಿದ್ದ. ತಾಯಿ ತಮ್ಮ ಎರಡು ಬಳೆ ಅಡವಿಟ್ಟು 40,000 ರೂಪಾಯಿ ಮುಂಗಡ ಕೊಟ್ಟಾಗಿತ್ತು. ಉಳಿದ ಹಣಕ್ಕಾಗಿ ನಮ್ಮಲ್ಲಿಗೆ ಬಂದಿದ್ದರು.

“ಸರ್, ಅವನು ಹೇಳಿದ್ದು ಸುಳ್ಳಾ?” ಎಂದು ಆ ತಾಯಿ ಕೇಳಿದರು. ಅಂದು ನಮ್ಮ ಸಮಿತಿಯಲ್ಲಿ ಕುಳಿತಿದ್ದವರಲ್ಲಿ ಯಾರಿಗೂ ಖಚಿತವಾದ ಉತ್ತರ ಗೊತ್ತಿರಲಿಲ್ಲ. ಒಂದು ವಾರ ಸಮಯ ಕೇಳಿ, ತಿಳಿದವರನ್ನು ವಿಚಾರಿಸಿ, ವಿಶ್ವವಿದ್ಯಾಲಯಗಳೇ ಪ್ರಕಟಿಸಿರುವ ನಿಯಮಗಳನ್ನು ಓದಿ ಉತ್ತರ ಕೊಟ್ಟೆವು. ಅವನು ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ಕುಟುಂಬಗಳು ಮೋಸ ಹೋಗುವುದು ಹೆಚ್ಚಾಗಿ ಇಂಥ ಅರ್ಧ ನಿಜದಿಂದಲೇ. ಆ ಒಂದು ವಾರದಲ್ಲಿಯೂ, ಅನಂತರವೂ ನಾವು ತಿಳಿದುಕೊಂಡದ್ದನ್ನು ಇಲ್ಲಿ ಎಲ್ಲರಿಗಾಗಿ ಬರೆಯುತ್ತಿದ್ದೇವೆ.

ವರ್ಗಾವಣೆ ಎಂದರೇನು?

ನಮ್ಮ ದೇಶದಲ್ಲಿ ಪದವಿ ಓದುವವರು ಸಾಮಾನ್ಯವಾಗಿ ಸೇರಿದ ಕಾಲೇಜಿನಲ್ಲೇ ಓದು ಮುಗಿಸುತ್ತಾರೆ. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ಬಿ.ಇ. ಎರಡನೇ ವರ್ಷಕ್ಕೆ ಸೇರುವ ದಾರಿ ಇದೆ. ನಮ್ಮ ಎಷ್ಟೋ ಮಕ್ಕಳು ಹಾಗೆ ಸೇರಿದ್ದಾರೆ. ಆದರೆ ಬೇರೆ ಕಾಲೇಜಿನಲ್ಲಿ ಒಂದೆರಡು ವರ್ಷ ಓದಿದವರನ್ನು ಐಐಟಿಗಳು ನಡುವಿನಲ್ಲಿ ಬಿ.ಟೆಕ್.ಗೆ ಸೇರಿಸಿಕೊಳ್ಳುವುದಿಲ್ಲ. ಅಲ್ಲಿಗೆ ಹೋಗಲು ಜೆಇಇ ಅಡ್ವಾನ್ಸ್‌ಡ್ ಬರೆದು ಮೊದಲ ವರ್ಷಕ್ಕೇ ಸೇರಬೇಕು. ಯುಜಿಸಿ 2021ರಲ್ಲಿ ಆರಂಭಿಸಿದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ವಿದ್ಯಾರ್ಥಿ ಗಳಿಸಿದ ಕ್ರೆಡಿಟ್‌ಗಳನ್ನು ಜಮಾ ಇಡುತ್ತದೆ. ಆದರೆ ಕ್ರೆಡಿಟ್ ಜಮಾ ಇದೆ ಎಂಬ ಕಾರಣಕ್ಕೆ ಬೇರೆ ಕಾಲೇಜು ಸೀಟು ಕೊಡಲೇಬೇಕು ಎಂದೇನೂ ಇಲ್ಲ.

ಅಮೆರಿಕದಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ಪದವಿ ನಾಲ್ಕು ವರ್ಷದ್ದು. ಒಂದು ಅಥವಾ ಎರಡು ವರ್ಷ ಒಂದು ಕಾಲೇಜಿನಲ್ಲಿ ಓದಿ, ಉಳಿದದ್ದನ್ನು ಮತ್ತೊಂದು ವಿಶ್ವವಿದ್ಯಾಲಯದಲ್ಲಿ ಮುಗಿಸುವುದು ಅಲ್ಲಿ ಸಾಮಾನ್ಯ. ಅಧ್ಯಕ್ಷರಾಗಿದ್ದ ಬರಾಕ್ ಒಬಾಮ ಮೊದಲ ಎರಡು ವರ್ಷ ಲಾಸ್ ಏಂಜಲೀಸ್‌ನ ಆಕ್ಸಿಡೆಂಟಲ್ ಕಾಲೇಜಿನಲ್ಲಿ ಓದಿ, 1981ರಲ್ಲಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯಕ್ಕೆ ವರ್ಗಾವಣೆಯಾಗಿ 1983ರಲ್ಲಿ ಅಲ್ಲಿಂದ ಪದವಿ ಪಡೆದರು. ಆದ್ದರಿಂದ “ನಡುವಿನಲ್ಲಿ ಸೇರಬಹುದು” ಎಂದು ಏಜೆಂಟ್ ಹೇಳಿದ್ದು ನಿಜ. ಎಷ್ಟು ಮಂದಿಗೆ ಸಿಗುತ್ತದೆ, ಹಣ ಯಾರು ಕೊಡುತ್ತಾರೆ ಎಂಬುದನ್ನು ಮಾತ್ರ ಅವನು ಹೇಳಲಿಲ್ಲ.

ಸೀಟು ಏಕೆ ಇಷ್ಟು ಕಡಿಮೆ?

ಮೊದಲ ವರ್ಷಕ್ಕೆ ಎಷ್ಟು ಮಂದಿಯನ್ನು ಸೇರಿಸಿಕೊಳ್ಳಬೇಕೆಂದು ವಿಶ್ವವಿದ್ಯಾಲಯ ಮೊದಲೇ ತೀರ್ಮಾನಿಸುತ್ತದೆ. ವರ್ಗಾವಣೆಗೆ ಹೆಚ್ಚಾಗಿ ಉಳಿಯುವುದು ಯಾರಾದರೂ ಓದು ಬಿಟ್ಟು ಹೋದಾಗ ಖಾಲಿಯಾಗುವ ಸೀಟು. ಹಾರ್ವರ್ಡ್‌ನಂತಹ ಕಡೆ ಸೇರಿದವರಲ್ಲಿ ನೂರಕ್ಕೆ 97ರಷ್ಟು ಮಂದಿ ಪದವಿ ಮುಗಿಸಿಯೇ ಹೊರಗೆ ಬರುತ್ತಾರೆ. ಬಿಡುವವರೇ ಇಲ್ಲದ ಕಡೆ ಖಾಲಿ ಜಾಗ ಎಲ್ಲಿಂದ ಬರಬೇಕು? ಹಾರ್ವರ್ಡ್‌ಗೆ ವರ್ಷಕ್ಕೆ ಸುಮಾರು 1,500 ವರ್ಗಾವಣೆ ಅರ್ಜಿಗಳು ಬರುತ್ತವೆ, ಆಯ್ಕೆಯಾಗುವವರು ಸರಾಸರಿ ಹನ್ನೆರಡು ಮಂದಿ. ಅಂದರೆ ನೂರರಲ್ಲಿ ಒಬ್ಬರೂ ಇಲ್ಲ. ಮೊದಲ ವರ್ಷದ ಪ್ರವೇಶಕ್ಕಿಂತ ಇದು ಕಠಿಣ. ಮೊದಲ ಸಲ ಸಿಗದಿದ್ದರೆ ವರ್ಗಾವಣೆಯಲ್ಲಿ ಸುಲಭವಾಗಿ ಸಿಗುತ್ತದೆ ಎಂಬ ಮಾತು ಇಂತಹ ವಿಶ್ವವಿದ್ಯಾಲಯಗಳ ಮಟ್ಟಿಗೆ ಸತ್ಯವಲ್ಲ.

ಪ್ರಿನ್ಸ್‌ಟನ್ 1990ರಿಂದ ವರ್ಗಾವಣೆಯನ್ನೇ ನಿಲ್ಲಿಸಿ 2018ರಲ್ಲಿ ಮತ್ತೆ ಆರಂಭಿಸಿತು. ಬಡ ಕುಟುಂಬದವರು, ಸಮುದಾಯ ಕಾಲೇಜುಗಳಲ್ಲಿ ಓದಿದವರು, ಸೇನೆಯಲ್ಲಿ ಸೇವೆ ಸಲ್ಲಿಸಿದವರು ಬರಲಿ ಎಂಬುದು ಅದರ ಉದ್ದೇಶ. ಅಲ್ಲಿಯೂ ಆಯ್ಕೆಯಾಗುವವರ ಸಂಖ್ಯೆ ಚಿಕ್ಕದು. ಕಾರ್ನೆಲ್ ವಿಶ್ವವಿದ್ಯಾಲಯ ವರ್ಷಕ್ಕೆ 500ಕ್ಕೂ ಹೆಚ್ಚು, ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯ ಸಾವಿರಕ್ಕೂ ಹೆಚ್ಚು ವರ್ಗಾವಣೆ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುತ್ತವೆ. ಹೆಸರಿನಲ್ಲಿ ಎಲ್ಲವೂ ದೊಡ್ಡ ವಿಶ್ವವಿದ್ಯಾಲಯಗಳೇ. ಆದರೆ ಒಂದೊಂದರ ಲೆಕ್ಕ ಒಂದೊಂದು ರೀತಿ. ಆದ್ದರಿಂದ ಯಾವ ವಿಶ್ವವಿದ್ಯಾಲಯ ಎಂದು ಹೇಳದೆ “ಅಮೆರಿಕದಲ್ಲಿ ವರ್ಗಾವಣೆ ಸಿಗುತ್ತದೆ” ಎನ್ನುವವರ ಮಾತಿಗೆ ಬೆಲೆ ಕೊಡಬೇಕಾಗಿಲ್ಲ.

ಕ್ಯಾಲಿಫೋರ್ನಿಯದ ದಾರಿ

ವರ್ಗಾವಣೆಗೆಂದೇ ಯೋಜಿಸಿದ ವ್ಯವಸ್ಥೆ ಕ್ಯಾಲಿಫೋರ್ನಿಯ ರಾಜ್ಯದಲ್ಲಿದೆ. 1960ರಲ್ಲಿ ಆ ರಾಜ್ಯ ಉನ್ನತ ಶಿಕ್ಷಣಕ್ಕೆ ಒಂದು ಸಮಗ್ರ ಯೋಜನೆ ರೂಪಿಸಿತು. ಮೊದಲ ಎರಡು ವರ್ಷವನ್ನು ಸಮುದಾಯ ಕಾಲೇಜಿನಲ್ಲಿ ಕಡಿಮೆ ಖರ್ಚಿನಲ್ಲಿ ಓದಿ, ಅನಂತರ ರಾಜ್ಯದ ವಿಶ್ವವಿದ್ಯಾಲಯಕ್ಕೆ ಮೂರನೇ ವರ್ಷಕ್ಕೆ ಹೋಗಬಹುದು. ಇಂದು ಅಲ್ಲಿ 116 ಸಮುದಾಯ ಕಾಲೇಜುಗಳಿವೆ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಆರು ಕ್ಯಾಂಪಸ್‌ಗಳು, ಅಂದರೆ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ ಮತ್ತು ಸಾಂಟಾ ಕ್ರೂಜ್, ಈ ಕಾಲೇಜುಗಳ ವಿದ್ಯಾರ್ಥಿಗಳಿಗೆ ಖಾತರಿ ಪ್ರವೇಶದ ಒಪ್ಪಂದ ಮಾಡಿಕೊಡುತ್ತವೆ. ನಿಗದಿಯಾದ ವಿಷಯಗಳನ್ನು ಓದಿ, ನಿಗದಿಯಾದ ಗ್ರೇಡ್ ಪಡೆದರೆ ಸೀಟು ಖಚಿತ. ಬರ್ಕ್ಲಿ, ಲಾಸ್ ಏಂಜಲೀಸ್ ಮತ್ತು ಸ್ಯಾನ್ ಡಿಯಾಗೊ ಕ್ಯಾಂಪಸ್‌ಗಳಲ್ಲಿ ಈ ಖಾತರಿ ಇಲ್ಲ. ಆದರೂ ಲಾಸ್ ಏಂಜಲೀಸ್ ಕ್ಯಾಂಪಸ್‌ಗೆ ವರ್ಗಾವಣೆ ಕೋರಿದವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಪ್ರವೇಶ ಸಿಗುತ್ತದೆ. ಮೊದಲ ವರ್ಷಕ್ಕೆ ಅರ್ಜಿ ಹಾಕಿದವರಲ್ಲಿ ಹತ್ತರಲ್ಲಿ ಒಬ್ಬರಿಗೂ ಸಿಗುವುದಿಲ್ಲ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಲಾಸ್ ಏಂಜಲೀಸ್ ಕ್ಯಾಂಪಸ್‌ಗೆ ಹಾಗೆ ಸೇರುವವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿ ಕ್ಯಾಲಿಫೋರ್ನಿಯದ ಸಮುದಾಯ ಕಾಲೇಜುಗಳಿಂದಲೇ ಬಂದವರು. ಮಂಗಳೂರಿನ ಅಥವಾ ಶಿವಮೊಗ್ಗದ ಕಾಲೇಜಿನಿಂದ ನೇರವಾಗಿ ಹೋಗುವವರಿಗೆ ಆ ನಾಲ್ವರಲ್ಲಿ ಒಬ್ಬರ ಲೆಕ್ಕ ಅನ್ವಯಿಸುವುದಿಲ್ಲ.

ಫ್ರೀಮಾಂಟ್, ಸ್ಯಾನ್ ಹೊಸೆ ಕಡೆ ನೆಂಟರಿರುವ ಕೆಲವು ಕುಟುಂಬಗಳು ನಮ್ಮಲ್ಲಿವೆ. “ಅಲ್ಲಿ ಮಾಮನ ಮನೆಯಲ್ಲಿದ್ದು ಕಾಲೇಜಿಗೆ ಹೋಗಲಿ, ಫೀಸು ಕಡಿಮೆಯಂತೆ” ಎಂದು ಅವರು ಕೇಳುತ್ತಾರೆ. ಆ ರಾಜ್ಯದ ನಿವಾಸಿಗಳಿಗೆ ಸಮುದಾಯ ಕಾಲೇಜಿನ ಶುಲ್ಕ ಒಂದು ಯೂನಿಟ್‌ಗೆ 46 ಡಾಲರ್. ಆದರೆ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಹೋದವರು ಅದರ ಹಲವು ಪಟ್ಟು ಕಟ್ಟಬೇಕು. ನೆಂಟರ ಮನೆಯಲ್ಲಿದ್ದರೆ ಬಾಡಿಗೆ ಉಳಿಯುತ್ತದೆ, ಶುಲ್ಕ ಉಳಿಯುವುದಿಲ್ಲ. ಮುಂದೆ ವಿಶ್ವವಿದ್ಯಾಲಯಕ್ಕೆ ಹೋದಾಗ ಹೊರಗಿನವರೆಂಬ ಕಾರಣಕ್ಕೆ ವರ್ಷಕ್ಕೆ 30,000 ಡಾಲರ್‌ಗೂ ಹೆಚ್ಚಿನ ಹೆಚ್ಚುವರಿ ಶುಲ್ಕವಿದೆ, ವಿದೇಶಿ ವಿದ್ಯಾರ್ಥಿಗೆ ಅಲ್ಲಿ ಸಿಗುವ ನೆರವು ತೀರ ಕಡಿಮೆ. ಅಲ್ಲೇ ಕಾಯಂ ವಾಸದ ಹಕ್ಕು ಪಡೆದು ನೆಲೆಸಿರುವ ಕುಟುಂಬದ ಮಕ್ಕಳಿಗೆ ಮಾತ್ರ ಇದು ನಿಜವಾಗಿಯೂ ಒಳ್ಳೆಯ ದಾರಿ. ಅಂತಹವರು ಈ ವರದಿ ಓದುತ್ತಿದ್ದರೆ ಸಮುದಾಯ ಕಾಲೇಜು ಎಂದು ಹಿಂಜರಿಯಬೇಡಿ.

ಅರ್ಜಿಯಲ್ಲಿ ಏನನ್ನು ನೋಡುತ್ತಾರೆ?

ಮೊದಲನೆಯದು ಈಗಿನ ಕಾಲೇಜಿನ ಅಂಕಪಟ್ಟಿ. ಮೊದಲ ಸೆಮಿಸ್ಟರ್‌ನಿಂದಲೇ ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಪಿಯುಸಿ ಮತ್ತು ಎಸ್ಸೆಸ್ಸೆಲ್ಸಿ ಅಂಕಪಟ್ಟಿಗಳನ್ನೂ ಕೇಳುತ್ತಾರೆ. ಇಂಗ್ಲಿಷ್ ಪರೀಕ್ಷೆ ಬೇಕು, ಕೆಲವು ಕಡೆ ಸ್ಯಾಟ್ ಪರೀಕ್ಷೆಯೂ ಬೇಕು. ಹಾರ್ವರ್ಡ್‌ನ ನಿಯಮದಂತೆ ಕನಿಷ್ಠ ಒಂದು ವರ್ಷ ಪೂರ್ಣಾವಧಿ ಓದಿರಬೇಕು, ಎರಡು ವರ್ಷಕ್ಕಿಂತ ಹೆಚ್ಚು ಓದಿರಬಾರದು. ದೂರಶಿಕ್ಷಣದ ಓದು ನಡೆಯುವುದಿಲ್ಲ. ಸೇರಿದ ಮೇಲೆ ಕನಿಷ್ಠ ಎರಡು ವರ್ಷ ಅಲ್ಲಿ ಓದಲೇಬೇಕು. ಪದವಿ ಮುಗಿಸಿದವರು ಪುನಃ ಪದವಿಗೆ ವರ್ಗಾವಣೆ ಕೇಳುವಂತಿಲ್ಲ. ಅಂದರೆ ನಮ್ಮ ಮೂರು ವರ್ಷದ ಬಿ.ಎ., ಬಿ.ಎಸ್ಸಿ., ಬಿ.ಕಾಂ. ಓದುವವರಿಗೆ ಅರ್ಜಿ ಹಾಕುವ ಕಾಲ ಮೊದಲ ಅಥವಾ ಎರಡನೇ ವರ್ಷ ಮಾತ್ರ.

ಎರಡನೆಯದು ಅಧ್ಯಾಪಕರ ಶಿಫಾರಸು ಪತ್ರ. “ಈ ವಿದ್ಯಾರ್ಥಿ ಸನ್ನಡತೆಯವನು, ಶ್ರಮಜೀವಿ” ಎಂದು ಎರಡು ಸಾಲು ಬರೆದು ಮೊಹರು ಹಾಕುವ ಪತ್ರಕ್ಕೆ ಅಲ್ಲಿ ಬೆಲೆ ಇಲ್ಲ. ತರಗತಿಯಲ್ಲಿ ಏನು ಪ್ರಶ್ನೆ ಕೇಳಿದ, ಪ್ರಯೋಗಾಲಯದಲ್ಲಿ ಏನು ಮಾಡಿದ, ತಪ್ಪಾದಾಗ ಹೇಗೆ ತಿದ್ದಿಕೊಂಡ ಎಂದು ಬರೆಯಬಲ್ಲ ಅಧ್ಯಾಪಕರು ಬೇಕು. ನೂರು ಮಂದಿಯ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಬರೀ ಅಂಕ ತೆಗೆದವರಿಗೆ ಅಂತಹ ಪತ್ರ ಬರೆಯಲು ಯಾರಿಗೂ ಸಾಧ್ಯವಿಲ್ಲ. ನಮ್ಮ ಹೆಣ್ಣು ಮಕ್ಕಳಲ್ಲಿ ಹಲವರು ಅಂಕದಲ್ಲಿ ಮುಂದಿದ್ದರೂ ಅಧ್ಯಾಪಕರ ಕೊಠಡಿಗೆ ಹೋಗಿ ಮಾತನಾಡಲು ಸಂಕೋಚಪಡುತ್ತಾರೆ. ಪೋಷಕರು ಅವರಿಗೆ ಧೈರ್ಯ ತುಂಬಬೇಕು.

ಮೂರನೆಯದು, ಬಹಳ ಮುಖ್ಯವಾದದ್ದು: ಏಕೆ ಬರಬೇಕೆಂದಿದ್ದೀರಿ ಎಂಬ ಪ್ರಶ್ನೆಗೆ ಕೊಡುವ ಉತ್ತರ. “ನಿಮ್ಮದು ಜಗತ್ಪ್ರಸಿದ್ಧ ವಿಶ್ವವಿದ್ಯಾಲಯ, ಅಲ್ಲಿ ಓದುವುದು ನನ್ನ ಕನಸು” ಎಂದು ಬರೆದರೆ ಅದು ಉತ್ತರವಾಗುವುದಿಲ್ಲ. ಈಗಿನ ಕಾಲೇಜಿನಲ್ಲಿ ಯಾವ ವಿಷಯ ಕಲಿಯಲು ಸಾಧ್ಯವಾಗುತ್ತಿಲ್ಲ, ಅದು ಅಲ್ಲಿ ಹೇಗೆ ಸಾಧ್ಯ, ಇಷ್ಟು ದಿನ ಇಲ್ಲಿ ಇದ್ದುದರಲ್ಲೇ ನೀವು ಏನು ಮಾಡಿದಿರಿ, ಇವು ಮೂರನ್ನೂ ಸ್ಪಷ್ಟವಾಗಿ ಹೇಳಬೇಕು. ಉದಾಹರಣೆಗೆ, ಕಡಲ ಜೀವಿಗಳ ಬಗ್ಗೆ ಓದಬೇಕೆನ್ನುವ ಪ್ರಾಣಿಶಾಸ್ತ್ರದ ವಿದ್ಯಾರ್ಥಿ ಬಂದರಿನಲ್ಲಿ ಮೀನಿನ ಇಳುವರಿಯನ್ನು ಆರು ತಿಂಗಳು ಬರೆದಿಟ್ಟಿದ್ದರೆ, ಅವನ ಮಾತಿಗೆ ತೂಕ ಬರುತ್ತದೆ. ಈಗಿನ ಕಾಲೇಜನ್ನು ಹಳಿದು ಬರೆದವರ ಅರ್ಜಿ ಅಲ್ಲಿಗೇ ಮುಗಿಯುತ್ತದೆ.

ಓದಿದ್ದೆಲ್ಲ ಲೆಕ್ಕಕ್ಕೆ ಸಿಗುವುದೇ?

ಎರಡು ವರ್ಷ ಓದಿದ್ದೇವೆ, ಆದ್ದರಿಂದ ಮೂರನೇ ವರ್ಷಕ್ಕೇ ಸೇರಿಸಿಕೊಳ್ಳುತ್ತಾರೆ ಎಂದು ಭಾವಿಸಬಾರದು. ಪ್ರತಿ ಪತ್ರಿಕೆಯ ಪಠ್ಯಕ್ರಮವನ್ನು ತಮ್ಮ ಪಠ್ಯಕ್ರಮದ ಜೊತೆ ಹೋಲಿಸಿ, ಹೊಂದಿಕೆಯಾದವುಗಳಿಗೆ ಮಾತ್ರ ಕ್ರೆಡಿಟ್ ಕೊಡುತ್ತಾರೆ. ಗಣಿತ, ಭೌತಶಾಸ್ತ್ರದಂತಹ ಮೂಲ ವಿಷಯಗಳು ಒಪ್ಪಿಗೆಯಾಗುವುದು ಹೆಚ್ಚು, ವೃತ್ತಿಪರ ಪತ್ರಿಕೆಗಳು ಬಿಟ್ಟುಹೋಗುವುದೂ ಹೆಚ್ಚು. ಒಂದು ಸೆಮಿಸ್ಟರ್ ಕಡಿತವಾದರೆ ಒಂದು ಸೆಮಿಸ್ಟರ್ ಖರ್ಚು ಹೆಚ್ಚಿತು ಎಂದೇ ಅರ್ಥ. ಆದ್ದರಿಂದ ಪ್ರವೇಶ ಒಪ್ಪಿಕೊಳ್ಳುವ ಮೊದಲು ಎಷ್ಟು ಕ್ರೆಡಿಟ್ ಮಾನ್ಯವಾಯಿತು, ಪದವಿಗೆ ಇನ್ನೆಷ್ಟು ಸೆಮಿಸ್ಟರ್ ಬೇಕು ಎಂಬುದನ್ನು ಬರವಣಿಗೆಯಲ್ಲಿ ಪಡೆಯಬೇಕು. ಸೇರಿದ ದಿನದಿಂದಲೇ ಪ್ರತಿ ಸೆಮಿಸ್ಟರ್‌ನ ಪಠ್ಯಕ್ರಮದ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ನಮ್ಮಲ್ಲಿ ಪಠ್ಯಕ್ರಮ ಆಗಾಗ ಬದಲಾಗುತ್ತದೆ, ಹಳೆಯದು ಬೇಕಾದಾಗ ಸಿಗುವುದಿಲ್ಲ.

ಹಣದ ವಿಷಯ ಮೊದಲು

ಅಮೆರಿಕದ ಹೆಸರಾಂತ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಶುಲ್ಕ, ಊಟ, ವಸತಿ ಸೇರಿ ವರ್ಷದ ಖರ್ಚು 80,000 ಡಾಲರ್ ದಾಟಿದೆ. ನಮ್ಮ ಲೆಕ್ಕದಲ್ಲಿ ಅದು 65 ಲಕ್ಷ ರೂಪಾಯಿಗೂ ಹೆಚ್ಚು. ವೀಸಾಕ್ಕೆ ಬೇಕಾದ ಐ-20 ಪತ್ರ ಕೊಡುವ ಮೊದಲು ಮೊದಲ ವರ್ಷದ ಖರ್ಚಿಗೆ ಹಣವಿದೆ ಎಂಬ ದಾಖಲೆಯನ್ನು ವಿಶ್ವವಿದ್ಯಾಲಯ ಕೇಳುತ್ತದೆ.

ಇಲ್ಲಿ ಎರಡು ಬಗೆಯ ವಿಶ್ವವಿದ್ಯಾಲಯಗಳಿವೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಮುಂತಾದ ಕೆಲವು, ವಿದ್ಯಾರ್ಥಿ ಯಾವ ದೇಶದವನೇ ಇರಲಿ, ಅವನ ಮನೆಯ ಹಣಕಾಸು ನೋಡದೆ ಆಯ್ಕೆ ಮಾಡುತ್ತವೆ. ಆಯ್ಕೆಯಾದ ಮೇಲೆ ಕುಟುಂಬಕ್ಕೆ ಸಾಧ್ಯವಾಗದಷ್ಟನ್ನು ತಾವೇ ಭರಿಸುತ್ತವೆ. ಇದು ಸಾಲವಲ್ಲ, ನೆರವು. ಏಜೆಂಟ್ ಹೇಳಿದ “ಎಲ್ಲವೂ ಉಚಿತ” ಎಂಬ ಮಾತಿನ ಮೂಲ ಇದೇ. ಆದರೆ ಸೀಟು ಅತಿ ಕಡಿಮೆ ಇರುವುದೂ ಇಲ್ಲಿಯೇ. ಇನ್ನು ಸ್ಟ್ಯಾನ್‌ಫರ್ಡ್‌ನಂತಹ ಕಡೆ ವಿದೇಶಿ ವಿದ್ಯಾರ್ಥಿಗೆ ನೆರವು ಬೇಕೇ ಬೇಡವೇ ಎಂಬುದನ್ನೂ ಆಯ್ಕೆಯ ಸಮಯದಲ್ಲಿ ಪರಿಗಣಿಸುತ್ತಾರೆ. ಅರ್ಜಿಯಲ್ಲಿ ನೆರವು ಬೇಡವೆಂದು ಬರೆದು ಸೇರಿಕೊಂಡವರು ಮುಂದಿನ ವರ್ಷ ಕೇಳಿದರೂ ಸಿಗುವುದಿಲ್ಲ. ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯ ವಿದೇಶಿ ವಿದ್ಯಾರ್ಥಿಗಳಿಗೆ ಬಡತನದ ಆಧಾರದ ನೆರವು ಕೊಡುವುದಿಲ್ಲ. “ಮೊದಲು ಸೇರಿಬಿಡಿ, ಹಣ ಆಮೇಲೆ ನೋಡೋಣ” ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ.

ಈ ವಿಷಯದಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗನಿಗೆ ಅಮೆರಿಕದ ವಿಶ್ವವಿದ್ಯಾಲಯವೊಂದರಿಂದ ಪ್ರವೇಶ ಪತ್ರ ಬಂತು. ಊರಿಗೆಲ್ಲ ಸಂತೋಷವಾಯಿತು. ನಾವೇ ಸನ್ಮಾನ ಮಾಡಿದೆವು, ಟಿ.ಸಿ. ತೆಗೆದುಕೊಳ್ಳಲು ನಾವೇ ಹೇಳಿದೆವು. ಪತ್ರದಲ್ಲಿ ನೆರವಿನ ಮಾತೇ ಇರಲಿಲ್ಲ, ಅದನ್ನು ನಾವು ಗಮನಿಸಲಿಲ್ಲ. ಸಾಲಕ್ಕೆ ಬ್ಯಾಂಕು ಮನೆಯ ಪತ್ರ ಕೇಳಿತು. ಬಡ್ಡಿಯ ಸಾಲ ಬೇಡವೆಂದು ತಂದೆ ಹಿಂದೆ ಸರಿದರು. ಕರ್ಜೆ ಹಸನಾವಾಗಿ ಅಷ್ಟು ದೊಡ್ಡ ಮೊತ್ತ ಕೊಡುವ ಶಕ್ತಿ ನಮ್ಮ ಟ್ರಸ್ಟ್‌ಗೂ ಇರಲಿಲ್ಲ. ಹುಡುಗ ಹೋಗಲಿಲ್ಲ. ಅಷ್ಟರಲ್ಲಿ ಇಲ್ಲಿಯ ಸೆಮಿಸ್ಟರ್ ಶುರುವಾಗಿತ್ತು, ಅವನ ಹೆಸರು ಕಾಲೇಜಿನಲ್ಲಿ ಇರಲಿಲ್ಲ. ಒಂದು ವರ್ಷ ಕಳೆಯಿತು. ಮರುವರ್ಷ ಅದೇ ಕಾಲೇಜಿಗೆ ಸೇರಿ ಪದವಿ ಮುಗಿಸಿದ, ಈಗ ಎಂ.ಎಸ್ಸಿ. ಓದುತ್ತಿದ್ದಾನೆ. ಆದರೆ ಸನ್ಮಾನದ ಶಾಲು ಹೊದ್ದ ಹುಡುಗ ಆ ಒಂದು ವರ್ಷ ಊರಿನಲ್ಲಿ ಹೇಗೆ ತಲೆ ತಗ್ಗಿಸಿ ಓಡಾಡಿದ ಎಂಬುದನ್ನು ನಾವು ಕಂಡಿದ್ದೇವೆ. ಕೇಳಿದವರಿಗೆಲ್ಲ ಅವನು ಉತ್ತರ ಹೇಳಬೇಕಾಯಿತು, ತಪ್ಪು ನಮ್ಮದಾಗಿತ್ತು. ಅಂದಿನಿಂದ ನೆರವಿನ ಪತ್ರ ಕೈಗೆ ಬರುವ ತನಕ ಯಾರಿಗೂ ಸನ್ಮಾನ ಮಾಡುವುದಿಲ್ಲ, ಟಿ.ಸಿ. ತೆಗೆಯಲು ಹೇಳುವುದೂ ಇಲ್ಲ.

ತಿಂಗಳುಗಳ ಲೆಕ್ಕ

ಟಿ.ಸಿ. ತೆಗೆಯಬೇಡಿ ಎನ್ನುವುದಕ್ಕೆ ಕ್ಯಾಲೆಂಡರ್ ಕೂಡ ಒಂದು ಕಾರಣ. ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್‌ನಲ್ಲಿ ಆರಂಭವಾಗುವ ವರ್ಷಕ್ಕೆ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಅರ್ಜಿ ಹಿಂದಿನ ವರ್ಷದ ಅಕ್ಟೋಬರ್, ನವೆಂಬರ್‌ನಲ್ಲೇ ಹಾಕಬೇಕು. ಹೆಸರಾಂತ ಖಾಸಗಿ ವಿಶ್ವವಿದ್ಯಾಲಯಗಳಿಗೆ ಮಾರ್ಚ್ 1 ಅಥವಾ ಮಾರ್ಚ್ 15ರ ಹೊತ್ತಿಗೆ. ಫಲಿತಾಂಶ ಬರುವುದು ಮೇ ಅಥವಾ ಜೂನ್‌ನಲ್ಲಿ. ಅನಂತರ ಐ-20, ಸೆವಿಸ್ ಶುಲ್ಕ, ವೀಸಾ ಸಂದರ್ಶನ, ಟಿಕೆಟ್ ಎಲ್ಲವೂ ಎರಡೂವರೆ ತಿಂಗಳಲ್ಲಿ ಆಗಬೇಕು. ಯಾವುದಾದರೂ ಒಂದು ತಪ್ಪಿದರೂ ಈಗಿನ ಕಾಲೇಜಿನ ಸೀಟೇ ಗತಿ. ಆದ್ದರಿಂದ ಫಲಿತಾಂಶಕ್ಕೆ ಕಾಯುತ್ತಿರುವಾಗಲೂ ತರಗತಿಗೆ ಹೋಗಿ, ಪರೀಕ್ಷೆ ಬರೆಯಿರಿ, ಶುಲ್ಕ ಕಟ್ಟಿರಿ. ವೀಸಾ ಕೈಗೆ ಬಂದ ಮೇಲೆ ಟಿ.ಸಿ. ಕೇಳಿದರೆ ಸಾಕು.

ಏಜೆಂಟರ ಬಗ್ಗೆ

ವರ್ಗಾವಣೆಯ ಖಾತರಿ ಕೊಡುವ ಅಧಿಕಾರ ಯಾವ ಏಜೆಂಟನಿಗೂ ಇಲ್ಲ. ಅರ್ಜಿಯನ್ನು ವಿದ್ಯಾರ್ಥಿಯೇ ತುಂಬಬಹುದು. ಅರ್ಜಿ ಶುಲ್ಕ ಕಟ್ಟಲಾಗದ ಬಡ ವಿದ್ಯಾರ್ಥಿ ವಿನಾಯಿತಿ ಕೇಳಬಹುದು, ಹಲವು ವಿಶ್ವವಿದ್ಯಾಲಯಗಳು ಕೊಡುತ್ತವೆ. ಅಮೆರಿಕ ಸರ್ಕಾರದ ಎಜುಕೇಶನ್ ಯುಎಸ್ಎ ಎಂಬ ಸಲಹಾ ವ್ಯವಸ್ಥೆ ಇದೆ. ಅದರ ಮೂಲ ಮಾಹಿತಿಗೂ ಸಲಹೆಗೂ ಹಣ ಕೊಡಬೇಕಾಗಿಲ್ಲ. ನಮ್ಮ ಕಡೆಯವರಿಗೆ ಚೆನ್ನೈಯ ಯುಎಸ್ಐಇಎಫ್ ಕಚೇರಿಯನ್ನು ಸಂಪರ್ಕಿಸುವುದು ಅನುಕೂಲ.

ಈಗಾಗಲೇ ಅಮೆರಿಕದಲ್ಲಿ ಓದುತ್ತಿರುವವರೂ ಎಚ್ಚರದಿಂದಿರಬೇಕು. “ಈ ಕಾಲೇಜಿಗೆ ವರ್ಗಾಯಿಸಿಕೊಳ್ಳಿ, ತರಗತಿ ಇಲ್ಲ, ಕೆಲಸ ಮಾಡಬಹುದು” ಎಂದು ಕರೆಯುವವರು ಅಲ್ಲಿಯೂ ಇದ್ದಾರೆ. 2019ರಲ್ಲಿ ಮಿಷಿಗನ್ ರಾಜ್ಯದ ಫಾರ್ಮಿಂಗ್ಟನ್ ವಿಶ್ವವಿದ್ಯಾಲಯ ಎಂಬ ಹೆಸರು ಪತ್ರಿಕೆಗಳಲ್ಲಿ ಬಂದದ್ದು ನಿಮಗೆ ನೆನಪಿರಬಹುದು. ಅದು ಅಲ್ಲಿಯ ಅಧಿಕಾರಿಗಳೇ ಬಲೆ ಬೀಸಲು ಹೆಸರಿಗೆ ಮಾತ್ರ ಸ್ಥಾಪಿಸಿದ ಸಂಸ್ಥೆ. ಮೊದಲು ಬಂಧಿತರಾದ 130 ವಿದ್ಯಾರ್ಥಿಗಳಲ್ಲಿ 129 ಮಂದಿ ಭಾರತೀಯರು. ಹೆಚ್ಚಿನವರು ಸ್ನಾತಕೋತ್ತರ ಓದಿಗೆ ಹೋದವರು. ಮಧ್ಯವರ್ತಿಗಳ ಮಾತು ನಂಬಿ ವಿದ್ಯಾರ್ಥಿ ವೀಸಾದ ದಾಖಲೆಯನ್ನು ಅಲ್ಲಿಗೆ ವರ್ಗಾಯಿಸಿಕೊಂಡವರೂ ಅವರಲ್ಲಿದ್ದರು. ಮನೆಯವರ ಎಷ್ಟೋ ವರ್ಷದ ದುಡಿಮೆ ಅಲ್ಲಿಗೆ ಮುಗಿಯಿತು.

ಸಿಗದಿದ್ದರೆ?

ಬಹುಪಾಲು ಅರ್ಜಿದಾರರಿಗೆ ಸಿಗುವುದಿಲ್ಲ ಎಂದೇ ತಿಳಿದು ಹೊರಡಬೇಕು. ಆದರೆ ಈ ಅರ್ಜಿಗಾಗಿ ಮಾಡಿದ ಸಿದ್ಧತೆ ವ್ಯರ್ಥವಾಗುವುದಿಲ್ಲ. ಒಳ್ಳೆಯ ಅಂಕ, ಹತ್ತಿರದಿಂದ ಬಲ್ಲ ಇಬ್ಬರು ಅಧ್ಯಾಪಕರು, ತಾನೇಕೆ ಓದುತ್ತಿದ್ದೇನೆ ಎಂಬ ಸ್ಪಷ್ಟತೆ, ಇವು ಮೂರೂ ಪದವಿಯ ನಂತರವೂ ಬೇಕಾಗುವಂಥವು. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ವಿಜ್ಞಾನದ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಶುಲ್ಕ ವಿನಾಯಿತಿಯೂ ಜೀವನ ನಿರ್ವಹಣೆಯ ಭತ್ಯೆಯೂ ಸಿಗುತ್ತದೆ. ಬಡ ಕುಟುಂಬದ ಪ್ರತಿಭಾವಂತ ಮಕ್ಕಳಿಗೆ ಪದವಿಯ ನಡುವೆ ಹೋಗುವುದಕ್ಕಿಂತ ಪದವಿ ಮುಗಿಸಿ ಹೋಗುವುದು ಹೆಚ್ಚು ಅನುಕೂಲ ಎಂದು ನಾವು ಹೇಳುವುದು ಇದೇ ಕಾರಣಕ್ಕೆ. ಹೂಡಿಕೆಗೆ ಹೆಸರಾದ ವಾರನ್ ಬಫೆಟ್ ದೊಡ್ಡ ಹೆಸರಿನ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಿಂದ ತಮ್ಮ ಊರಿನ ಕಡೆಯ ನೆಬ್ರಾಸ್ಕ ವಿಶ್ವವಿದ್ಯಾಲಯಕ್ಕೆ ಮರಳಿ ಬಂದು ಅಲ್ಲಿ ಪದವಿ ಮುಗಿಸಿದರು. ಸ್ನಾತಕೋತ್ತರ ಓದಿಗೆ ಕೊಲಂಬಿಯಕ್ಕೆ ಹೋದರು.

ಸರ್ಕಾರದ ನೆರವಿನ ಬಗ್ಗೆಯೂ ಒಂದು ಮಾತು. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ವಿದೇಶಿ ಓದಿನ ಸಾಲಕ್ಕೆ ಬಡ್ಡಿ ಸಹಾಯಧನ ಕೊಡುತ್ತಿದ್ದ ಕೇಂದ್ರದ ಪಢೋ ಪರದೇಶ್ ಯೋಜನೆ 2022-23ರಿಂದ ನಿಂತಿದೆ. ಅದು ಇದ್ದಾಗಲೂ ಸ್ನಾತಕೋತ್ತರ ಮತ್ತು ಸಂಶೋಧನೆಗೆ ಮಾತ್ರ ಇತ್ತು, ಪದವಿಗೆ ಇರಲಿಲ್ಲ. ಆ ಯೋಜನೆಯ ಹೆಸರಿನಲ್ಲಿ ಯಾರಾದರೂ ಅರ್ಜಿ ತುಂಬಿಸಿಕೊಂಡು ಹಣ ಕೇಳಿದರೆ ಕೊಡಬೇಡಿ. ರಾಜ್ಯದಲ್ಲೇ ವೃತ್ತಿಪರ ಕೋರ್ಸ್ ಓದುವವರು ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲ ಯೋಜನೆಯನ್ನು ವಿಚಾರಿಸಿ.

ದಾನಿಗಳಿಗೆ ನಮ್ಮ ಲೆಕ್ಕ

ವರ್ಗಾವಣೆ ಕೋರುವ ವಿದ್ಯಾರ್ಥಿಗೆ ಟ್ರಸ್ಟ್ ಏಕೆ ಪೂರ್ಣ ಖರ್ಚು ಕೊಡಬಾರದು ಎಂದು ಕೆಲವು ಹಿತೈಷಿಗಳು ಕೇಳಿದ್ದಾರೆ. ಏಕೆ ಒಂದು ರೂಪಾಯಿಯನ್ನಾದರೂ ಕೊಡಬೇಕು ಎಂದು ಕೇಳಿದವರೂ ಇದ್ದಾರೆ. 65 ಲಕ್ಷ ರೂಪಾಯಿಯಲ್ಲಿ ತಲಾ 25,000ದಂತೆ 260 ಮಕ್ಕಳ ಒಂದು ವರ್ಷದ ಓದು ನಡೆಯುತ್ತದೆ. ನೀವು ಕೊಟ್ಟ ಹಣ ನಮ್ಮಲ್ಲಿ ಅಮಾನತ್ತು. ಒಬ್ಬರಿಗಾಗಿ 260 ಮಂದಿಯ ಪಾಲನ್ನು ಕೊಡುವುದು ನಮ್ಮಿಂದಾಗದು. ಆದರೆ ಪೂರ್ಣ ನೆರವಿನೊಂದಿಗೆ ಆಯ್ಕೆಯಾದ ಮಗು ವೀಸಾ ಶುಲ್ಕ ಮತ್ತು ವಿಮಾನದ ಟಿಕೆಟ್‌ಗೆ ಹಣವಿಲ್ಲದೆ ಉಳಿದುಹೋದರೆ ಅದೂ ನಮ್ಮ ಲೋಪವೇ. ಎರಡನ್ನೂ ತೂಗಿ ನೋಡಿ ಸಮಿತಿ ಈ ಕೆಳಗಿನಂತೆ ತೀರ್ಮಾನಿಸಿದೆ.

ವಿದ್ಯಾರ್ಥಿವೇತನ ಪ್ರಕಟಣೆ: ವರ್ಗಾವಣೆ ಕೋರುವವರಿಗೆ

1. ನಮ್ಮ ವಿದ್ಯಾರ್ಥಿವೇತನ ಪಡೆಯುತ್ತಿರುವ, ಪದವಿಯ ಮೊದಲ ಅಥವಾ ಎರಡನೇ ವರ್ಷದಲ್ಲಿರುವ ವಿದ್ಯಾರ್ಥಿಗಳು ಅರ್ಜಿ ಸಲ್ಲಿಸಬಹುದು. ಹೆಣ್ಣು ಮಕ್ಕಳಿಗೂ ಗಂಡು ಮಕ್ಕಳಿಗೂ ಸಮಾನ ಅವಕಾಶವಿದೆ.

2. ಇಂಗ್ಲಿಷ್ ಪರೀಕ್ಷೆ, ಅಂಕಪಟ್ಟಿಯ ದೃಢೀಕರಣ ಮತ್ತು ಅಂಚೆ ವೆಚ್ಚವನ್ನು ರಶೀದಿ ನೋಡಿ ಟ್ರಸ್ಟ್ ಭರಿಸುತ್ತದೆ. ಅರ್ಜಿ ಶುಲ್ಕಕ್ಕೆ ಮೊದಲು ವಿನಾಯಿತಿ ಕೇಳಿರಬೇಕು.

3. ಏಜೆಂಟರಿಗೆ ಕೊಟ್ಟ ಅಥವಾ ಕೊಡಬೇಕಾದ ಹಣವನ್ನು ಟ್ರಸ್ಟ್ ಭರಿಸುವುದಿಲ್ಲ.

4. ಪ್ರವೇಶ ಪತ್ರ, ನೆರವಿನ ಪತ್ರ ಮತ್ತು ಮಾನ್ಯವಾದ ಕ್ರೆಡಿಟ್‌ಗಳ ವಿವರ, ಈ ಮೂರೂ ಇದ್ದವರಿಗೆ ವೀಸಾ ಶುಲ್ಕ, ಸೆವಿಸ್ ಶುಲ್ಕ ಮತ್ತು ಒಂದು ಸಲದ ಪ್ರಯಾಣ ವೆಚ್ಚವನ್ನು ಕರ್ಜೆ ಹಸನಾವಾಗಿ ನೀಡಲಾಗುತ್ತದೆ. ಕೆಲಸ ಸಿಕ್ಕಿದ ಮೇಲೆ ಮರಳಿಸಿದರೆ ಸಾಕು, ಬಡ್ಡಿ ಇಲ್ಲ.

5. ಅರ್ಜಿ ಹಾಕಿದ ಕಾರಣಕ್ಕೆ ಈಗಿನ ವಿದ್ಯಾರ್ಥಿವೇತನ ನಿಲ್ಲುವುದಿಲ್ಲ. ವರ್ಗಾವಣೆ ಸಿಗದಿದ್ದರೂ ನಿಲ್ಲುವುದಿಲ್ಲ.

6. ಅರ್ಜಿ ಹಾಕಬೇಕೆಂದಿರುವವರು ಸೆಪ್ಟೆಂಬರ್ ಒಳಗೆ ಪೋಷಕರೊಂದಿಗೆ ಕಚೇರಿಗೆ ಬಂದು ಸಮಿತಿಯನ್ನು ಕಾಣಬೇಕು. ಯಾರಿಗೂ ಮುಂಗಡ ಕೊಡುವ ಮೊದಲೇ ಬನ್ನಿ ಎಂಬುದು ನಮ್ಮ ಕಳಕಳಿಯ ವಿನಂತಿ.

ಕೊನೆಯದಾಗಿ, ಮೊದಲು ಹೇಳಿದ ತಾಯಿ ಮಗಳ ವಿಷಯ. ಆ ಹುಡುಗಿ ಏಜೆಂಟನನ್ನು ಬಿಟ್ಟು ತಾನೇ ಮೂರು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿದಳು. ಮೂರರಲ್ಲಿಯೂ ಸಿಗಲಿಲ್ಲ. ಅವಳು ತರಗತಿ ತಪ್ಪಿಸಿಕೊಂಡಿರಲಿಲ್ಲ, ಆದ್ದರಿಂದ ಈಗ ಅದೇ ಕಾಲೇಜಿನಲ್ಲಿ ಕೊನೆಯ ವರ್ಷದಲ್ಲಿದ್ದಾಳೆ. ಅವಳಿಗಾಗಿ ಪತ್ರ ಬರೆದುಕೊಟ್ಟ ಅಧ್ಯಾಪಕಿಯೇ ಈಗ ಅವಳನ್ನು ಎಂ.ಎಸ್ಸಿ. ಪ್ರವೇಶ ಪರೀಕ್ಷೆಗೆ ಸಿದ್ಧಪಡಿಸುತ್ತಿದ್ದಾರೆ. ಏಜೆಂಟ್ 40,000 ಮರಳಿಸಲಿಲ್ಲ. ಒಂದು ಬಳೆ ಬಿಡಿಸಿಕೊಂಡಿದ್ದಾರೆ, ಇನ್ನೊಂದು ಅಡವಿನಲ್ಲೇ ಇದೆ. ಇನ್ನೊಂದು ಮನೆಯಲ್ಲಿ ಹೀಗಾಗದಿರಲಿ ಎಂದು ಇಷ್ಟು ದೀರ್ಘವಾಗಿ ಬರೆದಿದ್ದೇವೆ. ಓದಿದವರು ನೆರೆಹೊರೆಯ ಕುಟುಂಬಗಳಿಗೂ ಓದಿ ಹೇಳಬೇಕಾಗಿ ಕೋರುತ್ತೇವೆ.

ವಿದ್ಯಾರ್ಥಿವೇತನ ಸಮಿತಿಯ ಪರವಾಗಿ